ಬಾಲವಿಲ್ಲದ ಗುಳ್ಳೆ

ನಾನು ಮಾಡುವ ಕೆಲಸ ಏನೆಂದು ಜನರಿಗೆ ಹೇಳಿ ಹೇಳಿ ಸಾಕಾಗಿದೆ. ಕಥೆ ಬರೆಯುವವಳಲ್ಲ, ಚಿತ್ರ ಬಿಡಿಸುವವಳಲ್ಲ, ಅನುವಾದ ಮಾಡುವವಳೂ ಅಲ್ಲ. ಹೊರಗಿನಿಂದ ಬರುವ ಮಾಂಗಾ ಎಂಬ ಚಿತ್ರಕಥೆ ಪುಸ್ತಕಗಳಲ್ಲಿ ಪಾತ್ರಗಳ ತಲೆಯ ಮೇಲೆ ಮಾತಿನ ಗುಳ್ಳೆಗಳಿರುತ್ತವಲ್ಲ, ಅವುಗಳೊಳಗಿನ ಮೂಲ ಅಕ್ಷರ ಅಳಿಸಿ ನಮ್ಮ ಅಕ್ಷರ ಕೂರಿಸುವವಳು. ಇಪ್ಪತ್ತಾರು ವರ್ಷಗಳಿಂದ ಇದೇ ಮೇಜು, ಇದೇ ಕಿಟಕಿ, ಎದುರಿಗೆ ಇದೇ ಛತ್ರಿ ರಿಪೇರಿ ಅಂಗಡಿ. ಕಚೇರಿಯಲ್ಲಿ ನನ್ನನ್ನು ಗುಳ್ಳೆಯಕ್ಕ ಎನ್ನುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಅಂದರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು.

ಗುಳ್ಳೆಗೊಂದು ಬಾಲ ಇರುತ್ತದೆ. ಅದು ಯಾರ ಬಾಯಿಯ ಕಡೆ ತಿರುಗಿದೆಯೋ ಮಾತು ಅವರದು. ಕೆಲವು ಗುಳ್ಳೆಗಳಿಗೆ ಬಾಲ ಇರುವುದಿಲ್ಲ, ಚಿತ್ರಕಾರರು ಸುಮ್ಮನೆ ತೇಲಿಬಿಟ್ಟಿರುತ್ತಾರೆ. ಅಂಥ ಕಡೆ ನಮ್ಮ ಅನುವಾದಕರು ತಮ್ಮ ಹಾಳೆಯಲ್ಲಿ ಮಾತಿನ ಪಕ್ಕ ಅದು ಯಾರದೆಂದು ಬರೆದು ಕೊಡುತ್ತಾರೆ. ಅವರಿಗೇ ತಿಳಿಯದಿದ್ದರೆ ಒಂದು ಪ್ರಶ್ನೆ ಗುರುತು ಹಾಕುತ್ತಾರೆ. ಆ ಗುರುತು ಕಂಡ ಕೂಡಲೇ ನಾನು ಅವರಿಗೆ ಫೋನ್ ಮಾಡಬೇಕು. ಇದು ನಮ್ಮ ಕೆಲಸದ ನಿಯಮ, ನಿಯಮ ಮಾಡಿದವಳೂ ನಾನೇ.

ಇದರ ಮೇಲೆ ನನ್ನದೊಂದು ಸ್ವಂತ ಪದ್ಧತಿಯಿದೆ. ಮೂಲದಲ್ಲಿ ಎಲ್ಲರ ಮಾತೂ ಒಂದೇ ಅಚ್ಚಿನಲ್ಲಿರುತ್ತದೆ. ನನಗದು ಹಿಡಿಸುವುದಿಲ್ಲ. ಮುಖ್ಯ ಪಾತ್ರಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಅಕ್ಷರವನ್ನು ಕೈಯಲ್ಲಿ ಬರೆದು ಮಾಡಿಕೊಂಡಿದ್ದೇನೆ. ದೋಣಿ ರಿಪೇರಿ ಮಾಡುವ ಅಣ್ಣತಮ್ಮಂದಿರ ಸರಣಿಯೊಂದಿದೆ, ನಮ್ಮ ಪ್ರಕಾಶನದ ಹೊಟ್ಟೆ ಹೊರೆಯುವುದೇ ಅದು. ಅದರಲ್ಲಿ ಅಣ್ಣನಿಗೆ ದಪ್ಪನೆಯ, ತುದಿ ಮೊಂಡಾದ ಅಕ್ಷರ. ತಮ್ಮನಿಗೆ ತೆಳ್ಳಗಿನ, ಸ್ವಲ್ಪ ಮುಂದಕ್ಕೆ ಬಾಗಿದ ಅಕ್ಷರ. ಅರ್ಧ ಕಣ್ಣು ಮುಚ್ಚಿಕೊಂಡು ಓದಿದರೂ ಯಾರ ಮಾತೆಂದು ತಿಳಿಯಬೇಕು. ತಿಳಿಯುತ್ತದೆ ಕೂಡ. ಅದರ ಬಗ್ಗೆ ನನಗೆ ಜಂಬ ಇತ್ತು, ಇರಲಿಲ್ಲವೆಂದರೆ ಸುಳ್ಳಾದೀತು.

ಕಳೆದ ತಿಂಗಳು ಆ ಸರಣಿಯ ಏಳನೆಯ ಸಂಪುಟ ಮರುಮುದ್ರಣಕ್ಕೆ ಬಂತು. ಅದಕ್ಕೆ ಮೊದಲು ಓದುಗರನ್ನು ಕರೆದು ಒಂದು ಮಾತುಕತೆ ಇಡೋಣವೆಂದು ನಮ್ಮ ಸಂಪಾದಕಿ ಹಟ ಹಿಡಿದಳು. ನನ್ನ ಮಗಳಾಗುವ ವಯಸ್ಸಿನವಳು. ನಾನು ಬೈದರೆ ನಗುತ್ತಾಳೆ, ಅದೇ ಅವಳ ಬಲ.

“ನೀವೂ ಬರ್ಬೇಕು ಅಕ್ಕ. ನಿಮ್ಮ ಅಕ್ಷರಕ್ಕೂ ಅಭಿಮಾನಿಗಳಿದ್ದಾರೆ.”

“ಅಕ್ಷರ ಯಾರ ಕಣ್ಣಿಗೂ ಬೀಳದಿದ್ರೇನೇ ನನ್ನ ಕೆಲಸ ಸರಿಯಾಗಿದೆ ಅಂತ ಅರ್ಥ. ನಾನು ಬರಲ್ಲ.”

“ಕಾಫಿ ಕೊಡಿಸ್ತೀನಿ.”

ಹೋದೆ.

ಗ್ರಂಥಾಲಯದ ಮಹಡಿಯ ಮೇಲಿನ ಕೋಣೆ, ಶನಿವಾರದ ಮಧ್ಯಾಹ್ನ. ಮೂವತ್ತು ಕುರ್ಚಿ ಹಾಕಿದ್ದರು, ಐವತ್ತು ಜನ ಬಂದಿದ್ದರು. ಹುಡುಗ ಹುಡುಗಿಯರೇ ಇರುತ್ತಾರೆ ಎಂದುಕೊಂಡಿದ್ದೆ. ತಲೆ ನರೆತ ಔಷಧ ಅಂಗಡಿಯವರಿದ್ದರು, ಸಮವಸ್ತ್ರದಲ್ಲೇ ಬಂದಿದ್ದ ಬಸ್ ಓಡಿಸುವ ಹೆಂಗಸಿದ್ದಳು. ಎಲ್ಲರ ಕೈಯಲ್ಲೂ ಏಳನೆಯ ಸಂಪುಟ, ಎಲ್ಲರದೂ ಒಂದೇ ಪುಟದಲ್ಲಿ ತಾನಾಗಿ ತೆರೆದುಕೊಳ್ಳುವಷ್ಟು ಹಳತಾಗಿತ್ತು.

ಆ ಪುಟದಲ್ಲಿ ಇರುವುದು ಇಷ್ಟು. ಅಣ್ಣ ದೋಣಿಯ ಕೆಳಗೆ ಸಿಕ್ಕಿ ಬೆನ್ನು ಮುರಿದುಕೊಂಡು ನಾಲ್ಕು ವರ್ಷದಿಂದ ಮಲಗಿದಲ್ಲೇ ಇದ್ದಾನೆ. ನೋಡಿಕೊಳ್ಳುವವನು ತಮ್ಮ. ಮಬ್ಬುಗತ್ತಲ ಕೋಣೆ, ಇಬ್ಬರ ಮುಖವೂ ಕಾಣುವುದಿಲ್ಲ. ಮೇಲೆ ಬಾಲವಿಲ್ಲದ ಒಂದು ಗುಳ್ಳೆ: ‘ಸಾಕು. ನನಗೆ ಸುಸ್ತಾಗಿದೆ.’ ಮುಂದಿನ ಚೌಕದಲ್ಲಿ ಅಣ್ಣನ ಕೈ ತಮ್ಮನ ತಲೆಯ ಮೇಲೆ. ಪುಟ ತಿರುಗಿಸಿದರೆ ಖಾಲಿ ಹಾಸಿಗೆ. ನಮ್ಮ ಪುಸ್ತಕದಲ್ಲಿ ಆ ಮಾತು ಇರುವುದು ತೆಳ್ಳಗಿನ ಅಕ್ಷರದಲ್ಲಿ, ಅಂದರೆ ತಮ್ಮನ ಬಾಯಲ್ಲಿ.

ತಲೆಯ ಮೇಲಿನ ಆ ಕೈ ಏನು ಹೇಳುತ್ತದೆ ಎಂಬುದರ ಮೇಲೆ ಎರಡು ಗಂಟೆ ವಾದ ನಡೆಯಿತು. ಅದು ಬರೀ ಕರ್ತವ್ಯ ಎಂದರು ಔಷಧ ಅಂಗಡಿಯವರು. ಅಣ್ಣ ಕ್ಷಮಿಸಿದ ಎಂದರು ಒಂದಷ್ಟು ಜನ. ಹಿಂದಿನ ಸಾಲಿನವರು, ಇವರಿಬ್ಬರು ಬರೀ ಅಣ್ಣತಮ್ಮಂದಿರಲ್ಲ, ಅದಕ್ಕಿಂತ ಹೆಚ್ಚು ಎಂದರು. ನನ್ನ ಮೈ ಉರಿಯಿತು. ಇಬ್ಬರು ಗಂಡಸರು ಒಂದು ಕೋಣೆಯಲ್ಲಿ ಒಬ್ಬರಿಗೊಬ್ಬರು ಆಗಿಬಂದರೆ ಇವರಿಗೆ ಅದಕ್ಕೊಂದು ಬೇರೆ ಹೆಸರೇ ಬೇಕಲ್ಲ ಎಂದು ಪಕ್ಕದಲ್ಲಿದ್ದ ಸಂಪಾದಕಿಗೆ ಪಿಸುಗುಟ್ಟಿದೆ. ನನ್ನ ಪಿಸುಮಾತು ಯಾವತ್ತೂ ಪಿಸುಮಾತಾಗಿ ಉಳಿದಿಲ್ಲ. ಬಸ್ ಓಡಿಸುವವಳು ಹಿಂದಿನ ಸಾಲಿನಿಂದ ಎದ್ದು ನಿಂತಳು.

“ನಾವು ಐದು ಜನ ಒಡಹುಟ್ಟಿದವರು ಮೇಡಂ. ಒಬ್ಬರು ಇನ್ನೊಬ್ಬರ ತಲೆ ಮೇಲೆ ಕೈ ಇಟ್ಟಿದ್ದನ್ನ ನಾನು ಒಂದಿನಾನೂ ನೋಡಿಲ್ಲ. ಪುಸ್ತಕದಲ್ಲಿ ಒಬ್ಬ ಇಟ್ಟ. ನಮ್ಮನೇಲಿ ಇಲ್ಲದ್ದು ಇದು, ಹಾಗಾದ್ರೆ ಇದಕ್ಕೆ ಬೇರೆ ಏನೋ ಹೆಸರಿರ್ಬೇಕು ಅಂತ ಹುಡುಕ್ತೀವಿ. ಹೆಸರು ತಪ್ಪೇ ಇರ್ಬಹುದು. ಹುಡುಕೋದೂ ತಪ್ಪಾ?”

ಅವಳು ಕೇಳಿದ ರೀತಿಗೆ ನನಗೆ ನಾಚಿಕೆಯಾಯಿತು. ಇಲ್ಲಮ್ಮ, ತಪ್ಪಲ್ಲ ಎಂದೆ. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಏನೇ ಜಗಳವಿದ್ದರೂ ಒಂದು ವಿಷಯದಲ್ಲಿ ಎಲ್ಲ ಪಂಗಡದವರೂ ಒಂದಾಗಿದ್ದರು. ತಮ್ಮನನ್ನು ಕಂಡರೆ ಯಾರಿಗೂ ಆಗದು. ಅವನಿಗೆ ಸುಸ್ತಪ್ಪ ಎಂದು ಹೆಸರಿಟ್ಟಿದ್ದಾರೆ. ಸುಸ್ತಪ್ಪ ಆ ಒಂದು ಮಾತು ಆಡದಿದ್ದರೆ ಅಣ್ಣ ಬದುಕುವ ಆಸೆ ಬಿಡುತ್ತಿರಲಿಲ್ಲ ಎಂಬುದು ಎಲ್ಲರ ತೀರ್ಮಾನ. ಕಳೆದ ವರ್ಷ ಓದುಗರು ತಮ್ಮ ಮೆಚ್ಚಿನ ಪಾತ್ರಕ್ಕೆ ಮತ ಹಾಕಿದಾಗ ಅವನು ಬಂದರಿನ ಬೆಕ್ಕಿಗಿಂತ ಕೆಳಗೆ ಬಂದನಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಗ ಬಾಗಿಲ ಬಳಿ ನಿಂತಿದ್ದ ಒಬ್ಬಳು ಕೈ ಎತ್ತಿದಳು. ಕಾಲೇಜಿನ ಹುಡುಗಿ, ಈ ಸರಣಿ ಓದುವ ಸಲುವಾಗಿಯೇ ಮೂಲ ಭಾಷೆ ಕಲಿತವಳು. ಅವಳ ಕೈಯಲ್ಲಿ ಮೂಲದ ಪ್ರತಿ ಇತ್ತು.

“ಅಲ್ಲಿ ಈ ತಮ್ಮನನ್ನ ಯಾರೂ ಬೈಯಲ್ಲ,” ಎಂದಳು. “ಅಲ್ಲಿನ ಓದುಗರು ಆ ಮಾತು ಯಾರದು ಅಂತ ಇವತ್ತಿಗೂ ಜಗಳ ಆಡ್ತಿದ್ದಾರೆ. ಅರ್ಧ ಜನ ಅಣ್ಣಂದು ಅಂತಾರೆ, ಅರ್ಧ ಜನ ತಮ್ಮಂದು ಅಂತಾರೆ. ಚಿತ್ರಕಾರರು ಬಾಯಿ ಬಿಟ್ಟಿಲ್ಲ. ನಮ್ಮಲ್ಲಿ ಮಾತ್ರ ಆ ಜಗಳಾನೇ ಇಲ್ಲ, ಯಾಕಂದ್ರೆ ನೀವು ತೆಳ್ಳಗಿನ ಅಕ್ಷರ ಹಾಕ್ಬಿಟ್ಟಿದ್ದೀರ. ಅದು ತಮ್ಮನ ಮಾತು ಅಂತ ನಿಮಗೆ ಯಾರು ಹೇಳಿದ್ರು ಮೇಡಂ?”

ಜಗಳಕ್ಕೆ ಬಂದವಳಲ್ಲ ಅವಳು, ನಿಜಕ್ಕೂ ತಿಳಿದುಕೊಳ್ಳಲೆಂದು ಕೇಳಿದ್ದಳು. ಅನುವಾದಕರು ಹೇಳಿದ್ದರು ಎನ್ನಲು ಬಾಯಿ ತೆರೆದೆ. ಹಾಗೆ ಹೇಳಿದ್ದು ನೆನಪಿಗೆ ಬರಲಿಲ್ಲ. ಹಳೆಯ ಹಾಳೆ ನೋಡಿ ಹೇಳುತ್ತೇನೆ ಎಂದೆ.

ಸೋಮವಾರ ಬೆಳಿಗ್ಗೆ ಕಚೇರಿಯ ಕಪಾಟಿನ ತಳದಿಂದ ಆ ಸಂಪುಟದ ಕಟ್ಟು ತೆಗೆದೆ. ನೂರ ಹನ್ನೆರಡನೆಯ ಪುಟ, ಮೂರನೆಯ ಚೌಕ. ‘ಸಾಕು. ನನಗೆ ಸುಸ್ತಾಗಿದೆ.’ ಪಕ್ಕದಲ್ಲಿ ಅನುವಾದಕರ ನೀಲಿ ಶಾಯಿಯ ಪ್ರಶ್ನೆ ಗುರುತು, ಅದಕ್ಕೆ ಸುತ್ತಲೂ ಒಂದು ವೃತ್ತ. ಅವರಿಗೆ ಫೋನ್ ಮಾಡಿದೆ, ಒಂಬತ್ತು ವರ್ಷ ತಡವಾಗಿ.

“ನೆನಪಿದೆ,” ಎಂದರು ಆ ಮುದುಕರು. “ಫೋನ್ ಬರುತ್ತೆ ಅಂತ ಎರಡು ದಿನ ಕಾದೆ. ಬರ್ಲಿಲ್ಲ. ನಿಮಗೆ ಗೊತ್ತಾಗಿರ್ಬೇಕು ಅಂದ್ಕೊಂಡು ಸುಮ್ಮನಾದೆ.”

“ನಾನು ಮಾಡಿದ್ರೆ ಏನು ಹೇಳ್ತಿದ್ರಿ?”

“ನನಗೂ ಗೊತ್ತಿಲ್ಲ ಅಂತ ಹೇಳ್ತಿದ್ದೆ.”

ಹಾಳೆಯ ಮೇಲ್ತುದಿಯಲ್ಲಿ ತಾರೀಕು ಇತ್ತು. ಯಾರು ಹೇಳಿದರೆಂದು ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಆ ತಾರೀಕಿನಲ್ಲೇ ಇತ್ತು.

ನಾವು ಮೂವರು ಮಕ್ಕಳು. ಅಣ್ಣ, ನಾನು, ತಮ್ಮ. ಅಣ್ಣನಿಗೆ ನರದ ಕಾಯಿಲೆ ಬಂದು ಮೊದಲು ಕಾಲು ಹೋಯಿತು, ಆಮೇಲೆ ಒಂದು ಕೈ. ಆರು ವರ್ಷ ಮುಂದಿನ ಕೋಣೆಯ ಮಂಚದಲ್ಲೇ ಇದ್ದ. ತಮ್ಮ ಕನ್ನಡಕದ ಗಾಜು ಉಜ್ಜುವವನು. ದೊಡ್ಡ ಅಂಗಡಿಯ ಕೆಲಸ ಬಿಟ್ಟು ಉಜ್ಜುವ ಯಂತ್ರವನ್ನು ಮನೆಗೇ ತಂದಿಟ್ಟುಕೊಂಡು ಅಣ್ಣನನ್ನು ನೋಡಿಕೊಂಡ. ನಾನು ಭಾನುವಾರ ಭಾನುವಾರ ಹಣ್ಣು ಹಿಡಿದುಕೊಂಡು ಹೋಗುತ್ತಿದ್ದೆ. ಹಣ್ಣು ತರುವುದು ಸುಲಭ ಎಂದು ಈಗ ಅನ್ನಿಸುತ್ತದೆ.

ಒಂದು ಬುಧವಾರ ಹೇಳದೆ ಕೇಳದೆ ಹೋದೆ. ಹೊರಬಾಗಿಲು ತೆರೆದಿತ್ತು. ಕೋಣೆಯ ಪರದೆಯ ಈಚೆ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಮಾತು ಕೇಳಿಸಿತು. “ಸಾಕಪ್ಪ. ನನಗೆ ಸುಸ್ತಾಗಿದೆ.” ತಮ್ಮನ ದನಿ. ಮಲಗಿರುವವನ ಮುಖದ ಮೇಲೆ ಈ ಮಾತು ಹೇಳುತ್ತಾನಲ್ಲ ಎಂದು ನನಗೆ ಸಿಟ್ಟು ಬಂತು. ಮತ್ತೆ ಚಪ್ಪಲಿ ಮೆಟ್ಟಿಕೊಂಡು, ಬಂದ ಸದ್ದೂ ಆಗದಂತೆ ಹೊರಟುಬಂದೆ. ಎರಡು ದಿನ ಬಿಟ್ಟು ಮೇಜಿನ ಮೇಲೆ ನೂರ ಹನ್ನೆರಡನೆಯ ಪುಟ ಬಂತು. ಪ್ರಶ್ನೆ ಗುರುತು ನನ್ನ ಕಣ್ಣಿಗೆ ಬಿದ್ದಿರಲೇಬೇಕು. ಆದರೆ ಆ ಮಾತು ಯಾರು ಆಡುತ್ತಾರೆಂದು ನಾನು ಸ್ವತಃ ಕೇಳಿಸಿಕೊಂಡು ಬಂದಿದ್ದೆನಲ್ಲ. ತೆಳ್ಳಗಿನ ಅಕ್ಷರ ಹಾಕಿದೆ.

ಅದಾಗಿ ಹನ್ನೊಂದು ದಿನಕ್ಕೆ ಅಣ್ಣ ಹೋದ. ಮನೆ ತುಂಬ ನೆಂಟರಿದ್ದರು. ತಮ್ಮ ಮೂಲೆಯಲ್ಲಿ ನಿಂತು ನೀರು ಕುಡಿಯುತ್ತಿದ್ದ. ಅವನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ: “ನಿನಗೆ ಸುಸ್ತಾಗಿತ್ತಲ್ಲ. ಇನ್ನು ಆರಾಮಾಗಿ ಮಲ್ಕೋ.” ಅವನು ಲೋಟ ಕೆಳಗಿಟ್ಟ. ಹಿತ್ತಲಿಗೆ ನಡೆದ. ಅವತ್ತಿನಿಂದ ಎಲ್ಲಾದರೂ ಎದುರು ಸಿಕ್ಕರೆ ಹೇಗಿದ್ದೀಯ, ಚೆನ್ನಾಗಿದ್ದೀನಿ, ಅಷ್ಟೇ. ನನ್ನ ಕನ್ನಡಕವನ್ನು ಕೂಡ ಬೇರೆ ಅಂಗಡಿಯಲ್ಲಿ ಮಾಡಿಸಿಕೊಳ್ಳತೊಡಗಿದೆ.

ಒಂದು ವಿಷಯ ನನಗೆ ಮೊದಲಿನಿಂದಲೂ ಗೊತ್ತಿತ್ತು, ಗೊತ್ತಿದ್ದೂ ಅದರ ಕಡೆ ನೋಡಿರಲಿಲ್ಲ. ಅವರಿಬ್ಬರ ದನಿಯೂ ಒಂದೇ. ಅಮ್ಮ ಇದ್ದಾಗ ಫೋನ್ ಎತ್ತಿದ ಕೂಡಲೇ “ದೊಡ್ಡೋನಾ, ಚಿಕ್ಕೋನಾ” ಎಂದು ಕೇಳಿಕೊಂಡೇ ಮಾತು ಶುರು ಮಾಡುತ್ತಿದ್ದಳು. ಪರದೆಯ ಈಚೆ ನಿಂತು ನಾನು ಅದನ್ನೂ ಕೇಳಿರಲಿಲ್ಲ.

ಸಂಪಾದಕಿ ಬಂದು ಬುಧವಾರದೊಳಗೆ ಆ ಪುಟ ಕೊಡಬೇಕು ಎಂದಳು. ಪುಸ್ತಕದ ಸುಸ್ತಪ್ಪನನ್ನು ಆರೋಪದಿಂದ ಬಿಡಿಸುವುದು ಸುಲಭ, ಒಂದು ಸಾಲು ಬದಲಿಸಿದರೆ ಮುಗಿಯಿತು. ನಾನು ಹೆದರಿದ್ದು ಇನ್ನೊಬ್ಬನಿಗೆ, ನನ್ನ ತಮ್ಮನಿಗೆ. ಆ ಮಾತು ಅವನದಲ್ಲದಿದ್ದರೆ ನಾನು ಒಂಬತ್ತು ವರ್ಷ ತಪ್ಪಿಲ್ಲದ ತಮ್ಮನ ಮುಖಕ್ಕೆ ಬೆನ್ನು ಹಾಕಿ ಕೂತಿದ್ದೆ. ಅದನ್ನು ಅವನ ಬಾಯಿಂದ ಕೇಳಿದ ಮೇಲೆ ತಮ್ಮ ಎಂದು ಕರೆಯುವ ಯೋಗ್ಯತೆ ನನಗೆ ಉಳಿಯುತ್ತದೆಯೇ ಎಂದು ಭಯವಾಯಿತು. ಕೇಳದೆ ಇದ್ದುಬಿಡೋಣ ಎಂದೂ ಅನ್ನಿಸಿತು. ಆದರೆ ಆ ಹುಡುಗಿಗೆ ಉತ್ತರ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಮಂಗಳವಾರ ರಜೆ ಹಾಕಿದೆ.

ಅಣ್ಣ ಹೋದ ಮೇಲೆ ಅವನು ತೆರೆದ ಅಂಗಡಿ ಎರಡು ಕೈ ಚಾಚಿದರೆ ಎರಡು ಗೋಡೆ ಸಿಗುವಷ್ಟು. ಒಳಗೆ ಉಜ್ಜುವ ಚಕ್ರ, ಅದರ ಮೇಲೆ ಹನಿ ಹನಿ ನೀರು ಬೀಳುವ ಸಣ್ಣ ಕೊಳವೆ, ಮೇಜಿನ ತುಂಬ ಗಾಜಿನ ಬಿಳಿ ಹುಡಿ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಚಕ್ರ ನಿಲ್ಲಿಸಿದ.

“ಅಕ್ಕ,” ಎಂದ. ಆಮೇಲೆ, ನಾನು ನಿನ್ನೆಯೂ ಬಂದಿದ್ದೆನೋ ಎನ್ನುವ ಹಾಗೆ, “ಕನ್ನಡಕ ಕೊಡು ಇಲ್ಲಿ,” ಎಂದ.

ತೆಗೆದುಕೊಟ್ಟೆ. ಬೆಳಕಿಗೆ ಹಿಡಿದು ನೋಡಿದ.

“ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ? ಎಡಗಡೆ ಗಾಜಿನ ಮಧ್ಯ ಕಣ್ಣಿನ ನೇರಕ್ಕೆ ಕೂತಿಲ್ಲ. ತಲೆನೋವು ಬರಲ್ವಾ?”

“ಬರುತ್ತೆ.”

“ಎಷ್ಟು ದಿನದಿಂದ?”

“ಒಂಬತ್ತು ವರ್ಷದಿಂದ.”

ಅವನು ತಿರುಪು ಬಿಚ್ಚತೊಡಗಿದ. ಕನ್ನಡಕವಿಲ್ಲದೆ ನನಗೆ ಅವನ ಮುಖ ಮಬ್ಬಾಗಿ ಕಾಣುತ್ತಿತ್ತು. ಅದೇ ಒಳ್ಳೆಯದಾಯಿತು, ಧೈರ್ಯ ಬಂತು. ಚೀಲದಿಂದ ಆ ಪುಟ ತೆಗೆದು ಮೇಜಿನ ಮೇಲಿಟ್ಟೆ. ಇದು ಮರುಮುದ್ರಣಕ್ಕೆ ಹೋಗುತ್ತಿದೆ ಎಂದೆ.

“ಓದಿದ್ದೀನಿ,” ಎಂದ. “ನೀನು ಅಕ್ಷರ ಹಾಕಿದ್ದನ್ನೆಲ್ಲ ಓದ್ತೀನಿ.”

“ಏಳನೇದೂ ಓದಿದ್ಯಾ?”

“ಅದನ್ನೂ ಓದ್ದೆ. ನನ್ನ ಮೇಲಿನ ಸಿಟ್ಟನ್ನ ಪಾಪ ಆ ಹುಡುಗನ ಮೇಲೆ ತೀರಿಸ್ಕೊಂಡಿದ್ದಾಳೆ ಅಂದ್ಕೊಂಡೆ.”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಆ ಬುಧವಾರ ಬಂದದ್ದು, ಪರದೆ, ಚಪ್ಪಲಿ, ಕೇಳಿಸಿದ ಮಾತು, ವಾಪಸ್ಸು ಹೋದದ್ದು. ಕೊನೆಗೆ ಕೇಳಿದೆ, “ಅವತ್ತು ಆ ಮಾತು ಆಡಿದ್ದು ನೀನಾ, ಅಣ್ಣನಾ?”

ಅವನ ಕೈ ನಿಂತಿತು.

“ಅವತ್ತು ಬಾಗಿಲ ತನಕ ಬಂದಿದ್ಯಾ?”

“ಬಂದಿದ್ದೆ.”

“ಯಾವತ್ತು ಯಾರ ಸರದಿ ಇತ್ತೋ ನನಗೆ ನೆನಪಿಲ್ಲ ಅಕ್ಕ,” ಎಂದ. “ಅದನ್ನ ನಾವು ದಿನಾ ಹೇಳ್ತಿದ್ವಿ. ಬೆಳಿಗ್ಗೆ ಚಾದರ ಬದಲಾಯಿಸೋವಾಗ ಒಂದಿನ ಅವನು ಹೇಳೋನು, ಒಂದಿನ ನಾನು. ಸಾಕಪ್ಪ, ನನಗೆ ಸುಸ್ತಾಗಿದೆ. ಒಬ್ಬ ಹಾಗಂದ ಕೂಡ್ಲೇ ಇನ್ನೊಬ್ಬ ‘ನನಗೂ’ ಅನ್ಬೇಕು. ಅನ್ನದಿದ್ರೆ ಅವನು ಸೋತ ಹಾಗೆ. ಅಣ್ಣನೇ ಶುರು ಮಾಡಿದ್ದು ಆ ಆಟನ. ಮೊದಲನೇ ವರ್ಷ ನಾನು ಹಲ್ಲು ಕಚ್ಕೊಂಡು ನಗುನಗ್ತಾ ಎಲ್ಲಾ ಮಾಡ್ತಿದ್ದೆ ನೋಡು, ಅವನಿಗೆ ಅದನ್ನ ನೋಡಕ್ಕಾಗ್ತಿರ್ಲಿಲ್ಲ. ನಿನಗೂ ಸುಸ್ತಾಗುತ್ತೆ, ನನಗೂ ಸುಸ್ತಾಗುತ್ತೆ, ಬಾಯಿ ಬಿಟ್ಟು ಹೇಳೋ, ಇಬ್ಬರೂ ಸೇರಿ ಹೇಳೋಣ ಅಂದ.”

“ಮತ್ತೆ ಅವತ್ತು ಎಲ್ಲರ ಮುಂದೆ ನಾನು ಹಾಗಂದಾಗ ಯಾಕೆ ಹೇಳ್ಲಿಲ್ಲ?”

“ನೀನು ಕೇಳಿದ್ಯಾ? ನೀನು ತೀರ್ಪು ಕೊಟ್ಟೆ. ಆಮೇಲೆ ಹೇಳೋಣ ಅಂದ್ರೆ ನನಗೂ ಸಿಟ್ಟಿತ್ತು. ಸಿಟ್ಟು ಇಳಿಯೋ ಹೊತ್ತಿಗೆ ನೀನು ಬೇರೆ ಅಂಗಡಿ ಹಿಡಿದಿದ್ದೆ.” ಗಾಜನ್ನು ಬಟ್ಟೆಯಲ್ಲಿ ಒರೆಸಿದ. ಅವನ ದನಿ ಸಣ್ಣಗಾಯಿತು. “ಅವತ್ತು ಇನ್ನೊಂದು ನಿಮಿಷ ನಿಂತಿದ್ರೆ ‘ನನಗೂ’ ಅನ್ನೋದು ಕೇಳಿಸಿರೋದು. ನಗು ಕೇಳಿಸಿರೋದು. ಒಳಗೆ ಬರ್ಬೇಕಿತ್ತು ಅಕ್ಕ. ಬಂದಿದ್ರೆ ನಿನಗೂ ಒಂದು ಸರದಿ ಕೊಡ್ತಿದ್ವಿ.”

ಹೊರಗೆ ಯಾರೋ ಸೈಕಲ್ ನಿಲ್ಲಿಸಿ, ಒಳಗೆ ಇಣುಕಿ, ಆಮೇಲೆ ಬರುತ್ತೇನೆಂದು ಹೋದರು. ತಪ್ಪಾಯ್ತು ಕಣೋ ಎಂದೆ. ಗೊತ್ತು ಎಂದ. ಇಷ್ಟು ವರ್ಷ ಆ ಕೋಣೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಹೇಗಿದ್ದರೆಂದು ನನಗೆ ಎಲ್ಲ ಗೊತ್ತಿದೆ ಎಂದುಕೊಂಡಿದ್ದೆ. ಒಂದು ಸಾಲು ಕೇಳಿಸಿಕೊಂಡು ಇಡೀ ಪುಸ್ತಕ ಬರೆದುಕೊಂಡಿದ್ದೆ. ಗ್ರಂಥಾಲಯಕ್ಕೆ ಬಂದ ಓದುಗರ ಮೇಲೆ ಉರಿದುಬಿದ್ದಿದ್ದೆನಲ್ಲ, ಅವರಾದರೂ ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದರು.

“ಈಗ ಪುಸ್ತಕದಲ್ಲಿ ಏನು ಮಾಡ್ತೀಯ?” ಎಂದು ಕೇಳಿದ. “ದಪ್ಪ ಅಕ್ಷರ ಹಾಕಿ ಅಣ್ಣನ ಬಾಯಿಗೆ ಕೊಡ್ತೀಯಾ?”

“ಇಲ್ಲ. ಇಬ್ಬರದೂ ಅಲ್ಲದ ಮೂರನೇದೊಂದು ಅಕ್ಷರ ಬರೀತೀನಿ. ದಪ್ಪನೂ ಅಲ್ಲ, ತೆಳ್ಳಗೂ ಅಲ್ಲ. ಚಿತ್ರಕಾರರು ಬಾಲ ಹಾಕದೆ ಬಿಟ್ಟಿದ್ದಾರೆ, ನಾನ್ಯಾಕೆ ಹಾಕ್ಲಿ?”

“ಓದೋರು ಜಗಳ ಆಡ್ತಾರೆ.”

“ಆಡ್ಲಿ. ಒಂಬತ್ತು ವರ್ಷದಿಂದ ಅವರ ಪಾಲಿನ ಜಗಳ ನಾನೊಬ್ಬಳೇ ಇಟ್ಕೊಂಡಿದ್ದೆ.”

ಅವನು ನಕ್ಕ. ಮುಖ ಸರಿಯಾಗಿ ಕಾಣದಿದ್ದರೂ ನಗು ಗೊತ್ತಾಯಿತು, ಅಣ್ಣನದೇ ನಗು. ಎಡಗಡೆ ಗಾಜು ಹೋಗಲಿ, ಹೊಸದು ಉಜ್ಜಿ ಕೊಡುತ್ತೇನೆ, ಕೂತಿರು ಎಂದ. ಮೂಲೆಯಲ್ಲಿದ್ದ ಸ್ಟೂಲಿನ ಮೇಲಿನ ಪೆಟ್ಟಿಗೆಗಳನ್ನು ಎತ್ತಿ ಕೆಳಗಿಟ್ಟ. ಕೂತೆ. ಚಕ್ರ ತಿರುಗತೊಡಗಿತು, ನೀರು ಹನಿ ಹನಿಯಾಗಿ ಬಿತ್ತು. ಹೊಸ ಗಾಜನ್ನು ಚೌಕಟ್ಟಿಗೆ ಇಟ್ಟು ನೋಡಿದ, ತೆಗೆದ, ಮತ್ತೆ ಉಜ್ಜಿದ.

“ಸಾಕಪ್ಪ,” ಎಂದೆ ನಾನು. “ನನಗೆ ಸುಸ್ತಾಗಿದೆ.”

ಚಕ್ರದಿಂದ ಕಣ್ಣು ತೆಗೆಯದೆ ಅವನು ಹೇಳಿದ, “ನನಗೂ.”